ಒಂದು ಚಿಟಿಕೆ ನವಸಾಗರ

ಆಗ ನನಗೆ ಅರವತ್ತಮೂರು ವಯಸ್ಸು. ಆರು ವರ್ಷದ ಹಿಂದಿನ ಮಾತು. ಅರವತ್ತಮೂರು ಎಂಬುದು ಆಧಾರ್ ಕಾರ್ಡಿನ ಲೆಕ್ಕ. ನಮ್ಮವ್ವನನ್ನು ಕೇಳಿದರೆ, “ಮೋಟುಕೋಡಿನ ಎಮ್ಮಿ ಈದ ವರ್ಷ ಹುಟ್ಟೀದಿ” ಎನ್ನುತ್ತಿದ್ದಳು. ಆ ಎಮ್ಮೆ ವರ್ಷ ಬಿಟ್ಟು ವರ್ಷ ಈಯುತ್ತಿತ್ತಂತೆ. ಹಾಗಾಗಿ ಕಾರ್ಡನ್ನೇ ನಂಬಿದ್ದೇನೆ. ವಯಸ್ಸನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ನಾನು ಮಾಡಿದ್ದನ್ನು ಕೇಳಿ, ಪಾಪ, ಯಾರೋ ಸಣ್ಣ ಹುಡುಗಿ ತಿಳಿಯದೆ ಮಾಡಿದಳು ಎಂದು ಯಾರೂ ಅಂದುಕೊಳ್ಳಬಾರದು. ತಿಳಿದೇ ಮಾಡಿದೆ. ತಿಳಿದುಕೊಂಡದ್ದು ತಪ್ಪಾಗಿತ್ತು, ಅಷ್ಟೇ.

ಇನ್ನೊಂದು ಮಾತೂ ಮೊದಲೇ ಹೇಳಬೇಕು. ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಗಂಗವ್ವ ಎಂದರೆ ಮುಖದ ಮೇಲೆ ಹೇಳುವ ಹೆಂಗಸು ಎಂದು ಹೆಸರು. ಬೀಗರ ಮನೆಯಲ್ಲಿ ಮೊದಲ ತುತ್ತಿಗೇ “ಸಾರಿಗೆ ಉಪ್ಪು ಹೆಚ್ಚಾಗೇತಿ” ಎಂದವಳು. ಮೊಣಕಾಲು ಒತ್ತಿ ಒತ್ತಿ ನೋಡುತ್ತಿದ್ದ ಡಾಕ್ಟರಿಗೆ, “ನಿಮಗ ತಿಳೀವಲ್ಲದಾಗಿದ್ರ ತಿಳಿದವ್ರ ಹೆಸರು ಬರಕೊಡ್ರಿ” ಎಂದವಳು. ಇಂಥ ಹೆಸರು ಒಮ್ಮೆ ಬಂದುಬಿಟ್ಟರೆ ಬಹಳ ಅನುಕೂಲ. ನಮ್ಮ ಎದುರು ಯಾರೂ ಸುಳ್ಳು ಹೇಳುವುದಿಲ್ಲ, ಸೀರೆ ತೋರಿಸಿ ಹೇಗಿದೆ ಎಂದು ಕೇಳುವುದಿಲ್ಲ, ಸಾಲ ಸೋಲವಂತೂ ಇಲ್ಲವೇ ಇಲ್ಲ. ಅಂಥ ನಾನು ಆ ವರ್ಷ ಒಂದು ಶನಿವಾರ, ಹಾಡುಹಗಲಿನಲ್ಲಿ, ಒಂದೂವರೆ ತಾಸು ಬಾಯಿ ಮುಚ್ಚಿಕೊಂಡು ಕುಳಿತೆ. ಒಂದೂವರೆ ತಾಸು ಎಂದು ನಾನು ಅಳೆದದ್ದಲ್ಲ. ಅಳೆದವಳು ಬೇರೆ ಇದ್ದಳು. ಅವಳ ಮಾತಿಗೆ ಬರುತ್ತೇನೆ.

ನಮ್ಮದು ಕಲಾಯಿ ಕೆಲಸದ ಮನೆ. ಕಲಾಯಿ ಎಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಮಜ್ಜಿಗೆ, ಹುಳಿ ಇಟ್ಟರೆ ಹಸಿರು ಕಿಲುಬು ಏಳುತ್ತದೆ, ತಿಂದವರ ಹೊಟ್ಟೆ ಕೆಡುತ್ತದೆ. ಅದಕ್ಕೆ ಪಾತ್ರೆಯ ಒಳಗೆಲ್ಲ ತವರದ ತೆಳು ಲೇಪ ಕೊಡಬೇಕು. ಪಾತ್ರೆಯನ್ನು ಭಟ್ಟಿಯ ಮೇಲೆ ಕೆಂಪಗೆ ಕಾಯಿಸಿ, ಒಂದು ಚಿಟಿಕೆ ನವಸಾಗರದ ಪುಡಿ ಎಸೆದರೆ ಬುಸ್ಸೆಂದು ಬಿಳಿ ಹೊಗೆ ಏಳುತ್ತದೆ. ಆ ಹೊಗೆಯಲ್ಲೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಸುತ್ತಲೂ ಒರೆಸಿದರೆ ಪಾತ್ರೆ ಬೆಳ್ಳಿಯ ಹಾಗೆ ಆಗುತ್ತದೆ. ಒಳಗೆ ಬಗ್ಗಿ ನೋಡಿದರೆ ಮುಖ ಕಾಣಬೇಕು. ಕಾಣದಿದ್ದರೆ ಗಿರಾಕಿ ಪಾತ್ರೆ ಎತ್ತಿಕೊಳ್ಳುತ್ತಿರಲಿಲ್ಲ. ನನ್ನ ಗಂಡ ಒಳ್ಳೆಯ ಕಲಾಯಿಗಾರ, ಗಂಡನಾಗಿ ಸಾಧಾರಣ. ನಾನು ಮೂವತ್ತು ವರ್ಷ ಅವನ ಪಕ್ಕದಲ್ಲಿ ಭಟ್ಟಿಗೆ ಗಾಳಿ ಊದುವ ತಿದಿ ಒತ್ತಿದೆ, ಹತ್ತಿ ಹಿಡಿದು ಒರೆಸಿದೆ. ಆಮೇಲೆ ಸ್ಟೀಲು ಬಂತು, ಕಲಾಯಿ ಹೋಯಿತು. ಅದರ ಹಿಂದೆಯೇ ಗಂಡನೂ ಹೋದ. ಭಟ್ಟಿ ಮತ್ತೆ ಹಚ್ಚಲಿಲ್ಲ. ಅವನ ನವಸಾಗರದ ಡಬ್ಬಿಯೊಂದು ಅರ್ಧ ತುಂಬಿದ್ದು ಗೋಡೆಯ ಮಾಡದಲ್ಲಿ ಉಳಿದಿತ್ತು. ನೆನಪಿಗೆಂದು ಇಟ್ಟದ್ದಲ್ಲ, ಎಸೆಯಲು ಮನಸ್ಸಾಗಲಿಲ್ಲ. ಇನ್ನೂ ಛಲೋ ಇತ್ತು.

ಎರಡು ಮನೆ ಆಚೆಗೆ ನೂರಜಹಾನ್ ಇದ್ದಾಳೆ. ನನಗಿಂತ ಐದು ವರ್ಷ ಚಿಕ್ಕವಳು, ನಾಲಿಗೆಯಲ್ಲಿ ಐದು ವರ್ಷ ದೊಡ್ಡವಳು. ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಶೆಡ್ಡಿಗೆ ದಿನಾ ಟೆಂಪೋದಲ್ಲಿ ಹೋಗಿ ಬರುತ್ತಿದ್ದಳು. ಒಂದು ದಿನ ಬಂದು, “ನಮ್ಮಲ್ಲಿ ಬೆಸಿಗಿ ಹಾಕಾಕ ಗಟ್ಟಿ ಕೈ ಬೇಕಾಗೇತಿ. ನಿನ್ನ ಬಾಯಿಯಂತೂ ಗಟ್ಟಿ ಐತಿ, ಕೈ ಹೆಂಗೈತೋ ನೋಡೋಣ ಬಾ” ಎಂದು ಎಳೆದುಕೊಂಡು ಹೋದಳು. ಅಲ್ಲಿ ಹಸಿರು ಬೋರ್ಡುಗಳ ಮೇಲೆ ಕಾಳಿನಂಥ ಬಿಡಿಭಾಗಗಳನ್ನು ಕೂರಿಸಿ ಬೆಸುಗೆ ಹಾಕುವ ಕೆಲಸ. ಆರು ಟೇಬಲ್ಲು, ಆರು ಹೆಂಗಸರು. ಶೆಡ್ಡಿನ ಒಡತಿ ವಿಮಲಾಬಾಯಿ. ತಾಯಿ ಧಾರವಾಡದ ಮಿಷನ್ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡು ತಾನೇ ಕೆಲಸ ಕಟ್ಟಿಕೊಂಡರು. ರವಿವಾರ ಚರ್ಚಿಗೆ ಹೋದರೆ ಸಂಜೆಯ ತನಕ ಫೋನು ಎತ್ತುತ್ತಿರಲಿಲ್ಲ. ಸಿಟ್ಟು ಬಂದರೂ ‘ರಿ’ ಬಿಡುತ್ತಿರಲಿಲ್ಲ. ಅದೇ ಕಷ್ಟ. ಬೈಯುವವರಿಗೆ ಎದುರು ಬೈಯಬಹುದು. ಪಾಠ ಮಾಡುವವರಿಗೆ ಏನು ಮಾಡುವುದು?

ಕೆಲಸ ನನಗೆ ಎಂಟು ದಿನದಲ್ಲಿ ಕೈವಶವಾಯಿತು. ತವರ, ಬಿಸಿ, ಔಷಧಿ—ಮೂರೇ ವಿಷಯ. ಪಾತ್ರೆ ಚಿಕ್ಕದಾಗಿದೆ, ಅಷ್ಟೇ. ಔಷಧಿ ಎಂದು ನಾನನ್ನುವುದು ಫ್ಲಕ್ಸಿಗೆ. ತವರ ಹರಿಯುವ ಮುಂಚೆ ಜಾಗದ ಮೈಲಿಗೆ ತೆಗೆದು, ಹಿಡಿದುಕೊಳ್ಳುವ ಹಾಗೆ ಮಾಡುವ ರಸ. ಬೆಸುಗೆಯ ತಂತಿಯ ಸುರುಳಿಯ ಮೇಲೆ ಅರವತ್ತಮೂರು, ಮೂವತ್ತೇಳು ಎಂದು ಅಂಕಿ ಇರುತ್ತಿತ್ತು. ಅಂಕಿ ಓದಲು ಬರುತ್ತದೆ ನನಗೆ. ಮೂರನೆಯ ಇಯತ್ತೆಯ ತನಕ ಶಾಲೆಗೆ ಹೋಗಿದ್ದೇನೆ. ಏನಿದು ಎಂದು ಕೇಳಿದ್ದಕ್ಕೆ ವಿಮಲಾಬಾಯಿ, “ಅರವತ್ತಮೂರು ಪಾಲು ತವರ, ಮೂವತ್ತೇಳು ಪಾಲು ಸೀಸ” ಎಂದರು. ತವರಕ್ಕೆ ಸೀಸ ಬೆರೆಸುವುದು ನಮ್ಮ ಕಸುಬಿನಲ್ಲಿ ಕಳ್ಳರ ಕೆಲಸ. ಉಣ್ಣುವ ಪಾತ್ರೆಗೆ ಸೀಸ ಹಾಕಿದವನೆಂದು ಗೊತ್ತಾದರೆ ಓಣಿ ಬಿಡಿಸುತ್ತಿದ್ದರು. ನಾವು ಮುಚ್ಚಿಡುವ ಪಾಪವನ್ನು ಇಲ್ಲಿ ಲೇಬಲ್ಲು ಹಚ್ಚಿ ಮಾರುತ್ತಾರಲ್ಲ ಎಂದುಕೊಂಡೆ. ಆದರೆ ಅದು ಹರಿಯುವ ಚೆಂದವೇ ಬೇರೆ. ಮುಟ್ಟಿಸಿದರೆ ಸಾಕು, ತುಪ್ಪದ ಹಾಗೆ ಕರಗಿ, ಮುತ್ತಿನ ಹಾಗೆ ಹೊಳೆದು ಕೂರುತ್ತಿತ್ತು. ಬೋರ್ಡಿನಲ್ಲಿ ಯಾರೂ ಉಣ್ಣುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಹೀಗಿರುವಾಗ ಒಂದು ದೊಡ್ಡ ಆರ್ಡರಿನ ಸುದ್ದಿ ಬಂತು. ಡೇರಿಗಳಲ್ಲಿ ಹಾಲು ತೂಗುವ ಯಂತ್ರಕ್ಕೆ ಬೋರ್ಡು. ಯಂತ್ರ ಪರದೇಶಕ್ಕೂ ಹೋಗುವುದರಿಂದ ಸೀಸ ಇಲ್ಲದ ತಂತಿಯಲ್ಲೇ ಬೆಸುಗೆ ಹಾಕಬೇಕು ಎಂದು ಕರಾರು. ಮೊದಲು ಹತ್ತು ಬೋರ್ಡು ಮಾದರಿಗೆ. ಅವರ ಕಡೆಯಿಂದ ಇನ್ಸ್‌ಪೆಕ್ಟರ್ ಬಂದು ನೋಡಿ ಒಪ್ಪಿದರೆ ವರ್ಷವಿಡೀ ಕೆಲಸ. ವಿಮಲಾಬಾಯಿ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, “ಇದು ಬಂತಂದ್ರ ಆರೂ ಟೇಬಲ್ ನಡೀತಾವ. ಬರಲಿಲ್ಲಂದ್ರ ಮುಂದಿನ ತಿಂಗಳಿಂದ ಮೂರು ಟೇಬಲ್ ಮುಚ್ಚಬೇಕಾಗ್ತೈತಿ. ಯಾವ ಮೂರು ಅಂತ ನನ್ನ ಕೇಳಬ್ಯಾಡ್ರಿ” ಎಂದರು. ಆರೂ ಜನ ಅವರವರ ಟೇಬಲ್ಲನ್ನು ನೋಡಿಕೊಂಡೆವು. ಆಮೇಲೆ ನನ್ನ ಕಡೆ ತಿರುಗಿ, ಹೊಸ ತಂತಿಯ ಸುರುಳಿ, ಮೂರು ಬಾಟಲಿ ಫ್ಲಕ್ಸು ಮುಂದಿಟ್ಟು, “ಗಂಗವ್ವಾರ, ಕೈ ನಿಮ್ಮದು. ಆರಿಸೋದೂ ನಿಮ್ಮದಾ” ಎಂದರು. ನನ್ನ ತಲೆ ತಿರುಗಿದ್ದು ಅಲ್ಲಿಂದಲೇ.

ಮೂರು ಬಾಟಲಿಗೂ ಅವರೇ ಪಾಠ ಹೇಳಿದರು. ಒಂದು ರಾಳದ್ದು, ಮರದ ಅಂಟನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು, ಧೂಪದ ವಾಸನೆ, ಕೆಲಸ ಮುಗಿದ ಮೇಲೆ ಸ್ಪಿರಿಟ್ಟಿನಲ್ಲೇ ಬ್ರಷ್ಷಿನಿಂದ ಒರೆಸಬೇಕು. ಎರಡನೆಯದು ಒರೆಸದೆ ಹಾಗೇ ಬಿಡಬಹುದಾದದ್ದು, ವಾಸನೆಯಿಲ್ಲ, ಬಣ್ಣವಿಲ್ಲ. ಮೂರನೆಯದು ಖಾರದ್ದು, ಚೆನ್ನಾಗಿ ಹಿಡಿಯುತ್ತದೆ, ಆದರೆ ಅವತ್ತಿಂದವತ್ತೇ ಬಿಸಿನೀರಿನಲ್ಲಿ ತೊಳೆಯದಿದ್ದರೆ ಬೋರ್ಡನ್ನೇ ತಿನ್ನುತ್ತದೆ. ತೊಳೆದು ಒಣಗಿಸುವ ವ್ಯವಸ್ಥೆ ನಮ್ಮಲ್ಲಿರಲಿಲ್ಲ, ಅದನ್ನು ಬಿಟ್ಟೆ. ಎರಡನೆಯದನ್ನು ನಾನು ಮೂಸಿಯೂ ನೋಡಲಿಲ್ಲ. ವಾಸನೆಯೇ ಇಲ್ಲದ ಔಷಧಿ ಏನು ಕೆಲಸ ಮಾಡೀತು? ರಾಳದ್ದನ್ನು ಆರಿಸಿದೆ. ಇಷ್ಟಕ್ಕೇ ನಿಂತಿದ್ದರೆ ಹೇಳಲು ಈ ಕಥೆ ಇರುತ್ತಿರಲಿಲ್ಲ.

ಹೊಸ ತಂತಿ ಮೊಂಡು. ಹೆಚ್ಚು ಬಿಸಿ ಕೇಳುತ್ತದೆ, ಹರಿಯಲು ಹಟ ಮಾಡುತ್ತದೆ, ಆರಿದ ಮೇಲೆ ಬೂದಿ ಬಣ್ಣಕ್ಕೆ ತಿರುಗಿ ಮಂಕಾಗಿ ಕೂರುತ್ತದೆ. ನಾಲ್ಕು ದಿನ ಗುದ್ದಾಡಿದೆ. ನನ್ನ ಕೈಯಿಂದ ಮಂಕು ಕೆಲಸ ಹೊರಗೆ ಹೋಗುವುದೆಂದರೆ ನನ್ನ ಮೂವತ್ತು ವರ್ಷದ ಮೇಲೆ ಉಗುಳಿದ ಹಾಗೆ. ಟೆಂಪೋದಲ್ಲಿ ಕುಳಿತು ವಿಚಾರ ಮಾಡಿದೆ. ಈ ತಂತಿಯಲ್ಲಿ ಸೀಸವಿಲ್ಲ. ಅಂದರೆ ಹೆಚ್ಚು ಕಡಿಮೆ ಶುದ್ಧ ತವರ. ಶುದ್ಧ ತವರದ ಸ್ವಭಾವ ಈ ಶೆಡ್ಡಿನಲ್ಲಿ ಯಾರಿಗೆ ಗೊತ್ತು? ನನಗೆ. ಅದು ಯಾವುದರ ಮಾತು ಕೇಳುತ್ತದೆ? ನವಸಾಗರದ್ದು. ಇಷ್ಟು ಸರಳವಾದದ್ದು ಡಿಪ್ಲೊಮಾ ಮಾಡಿದವರಿಗೆ ಹೊಳೆದಿಲ್ಲವಲ್ಲ ಎಂದು ನಗು ಬಂತು. ಮರುದಿನ ಮಾಡದ ಡಬ್ಬಿಯಿಂದ ಒಂದಿಷ್ಟು ಹರಳನ್ನು ನುಣ್ಣಗೆ ಅರೆದು, ಎಲೆ ಅಡಿಕೆಯ ಸಂಚಿಯಲ್ಲಿ ಕಟ್ಟಿಕೊಂಡು ಹೋಗಿ, ರಾಳದ ಬಾಟಲಿಗೆ ಒಂದು ಚಿಟಿಕೆ ಹಾಕಿ ಕುಲುಕಿದೆ. ಯಾರಿಗೂ ಹೇಳಲಿಲ್ಲ. ಕಸುಬಿನ ಗುಟ್ಟು ಅಷ್ಟು ಸುಲಭಕ್ಕೆ ಹೇಳುತ್ತಾರೆಯೇ?

ಹರಿಯಿತು ನೋಡಿ! ಮೊಂಡು ತಂತಿ ಮಾತು ಕೇಳಿ ಸರಸರನೆ ಹರಡಿತು. ಮುತ್ತಿನಷ್ಟು ಹೊಳೆಯದಿದ್ದರೂ ಮೊದಲಿಗಿಂತ ಎಷ್ಟೋ ಪಾಲು ಕಳೆ ಬಂತು. ಹತ್ತೂ ಬೋರ್ಡು ಮುಗಿಸಿ ಸಾಲಾಗಿ ಇಟ್ಟೆ. ನೂರಜಹಾನ್ ಪದ್ಧತಿಯ ಪ್ರಕಾರ ಸ್ಪಿರಿಟ್ಟಿನಲ್ಲಿ ಬ್ರಷ್ಷು ಅದ್ದಿ ಒರೆಸಿಕೊಟ್ಟಳು. ಒರೆಸುವ ಕೆಲಸ ಅವಳದೇ. ವಿಮಲಾಬಾಯಿ ಭೂತಗನ್ನಡಿ ಹಿಡಿದು ನೋಡಿ, “ಕೈ ಅಂದ್ರ ಇದು” ಎಂದರು. ಆದರೂ ಶಾಲೆಯ ಮನೆತನ. ಎಲ್ಲದಕ್ಕೂ ಇನ್ನೊಂದು ಪ್ರತಿ ಬೇಕು. ಎರಡನೆಯ ಬಾಟಲಿಯ, ಒರೆಸದೆ ಬಿಡುವ ಫ್ಲಕ್ಸಿನಿಂದ ಇನ್ನೂ ಹತ್ತು ಬೋರ್ಡು ಮಾಡಲು ನೂರಜಹಾನಳಿಗೆ ಹೇಳಿದರು. ಮಾಡಿದಳು. ನೋಡಿದರೆ ಬೂದಿ ಬೂದಿ.

“ಏನ ನೂರಜಾ, ಬೋರ್ಡಿಗೆ ಮುಪ್ಪು ಬಂದೈತಲ್ಲ” ಎಂದೆ.

“ನಿನ್ನ ಪಕ್ಕದಾಗ ಕುಂತು ಮಾಡೇನಲ್ಲ, ಅದರ ಗುಣ” ಎಂದಳು. ಮೂಗು ಮೇಲೆತ್ತಿ ಗಾಳಿಯನ್ನೊಮ್ಮೆ ಮೂಸಿದಳು. ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡಳು. ಅವಳು ಬಾಯಿ ಮುಚ್ಚಿಕೊಂಡದ್ದಕ್ಕೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಹೊಗಳಿಸಿಕೊಂಡ ಕಿವಿಗೆ ಬೇರೆ ಏನೂ ಕೇಳುವುದಿಲ್ಲ.

ಇನ್ಸ್‌ಪೆಕ್ಟರ್ ಮರುದಿನವೇ ಬಂದಿದ್ದರೆ ನಾನು ಗೆದ್ದುಬಿಡುತ್ತಿದ್ದೆ. ಆದರೆ ಮಳೆ ಹಿಡಿಯಿತು. ಅವರು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತ ಎಂಟು ದಿನ ಮುಂದೆ ಹಾಕಿದರು. ಶೆಡ್ಡಿನ ಗೋಡೆ ಬೆವರಿತು, ಉಪ್ಪಿನಕಾಯಿ ಡಬ್ಬಿಯ ಮೇಲೂ ಬೂಷ್ಟು ಬಂತು. ಕೊನೆಗೆ ಶನಿವಾರ ಮಧ್ಯಾಹ್ನ ಬರುವುದು ಖಾತ್ರಿ ಎಂದಾಯಿತು. ಬೆಳಿಗ್ಗೆ ಹತ್ತಕ್ಕೆ ವಿಮಲಾಬಾಯಿ ಕಪಾಟು ತೆಗೆದವರು ಒಂದು ಬೋರ್ಡು ಎತ್ತಿ ಬೆಳಕಿಗೆ ಹಿಡಿದರು. ನಾನು ಹೋಗಿ ನೋಡಿದೆ. ನನ್ನ ಹತ್ತೂ ಬೋರ್ಡುಗಳಲ್ಲಿ ಪ್ರತಿ ಬೆಸುಗೆಯ ಸುತ್ತಲೂ ಹಸಿರು ಉಂಗುರ. ಯಾರೂ ನನಗೆ ಅದರ ಹೆಸರು ಹೇಳಬೇಕಾಗಿರಲಿಲ್ಲ. ಕಿಲುಬು. ಯಾವುದನ್ನು ತಿಕ್ಕಿ ತಿಕ್ಕಿ ನನ್ನ ಉಗುರು ಸವೆದಿದೆಯೋ, ಅದನ್ನೇ ನಾನು ಕೈಯಾರೆ ಬೆಳೆದಿದ್ದೆ.

“ಇದು ಒರಸಿದ್ದು ಸರಿ ಆಗಿಲ್ಲ” ಎಂದರು ವಿಮಲಾಬಾಯಿ. “ನೂರಜಹಾನ್, ಖರೇ ಹೇಳ್ರಿ. ಸ್ಪಿರಿಟ್ ಕಡಿಮಿ ಹಾಕಿದ್ರೇನು?”

“ಇಲ್ರಿ ಬಾಯಾರ. ಎರಡೆರಡು ಸಲ ಒರಸೇನ್ರಿ.”

“ಮತ್ತ ಹಿಂಗ್ಯಾಕಾತು?”

“ಅದು ನನಗ ಹೆಂಗ ಗೊತ್ತಾಗಬೇಕ್ರಿ?” ಎಂದು ನೂರಜಹಾನ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ನನ್ನ ಕಡೆ ನೋಡಲಿಲ್ಲ.

ವಿಮಲಾಬಾಯಿ ದುರ್ಗದಬೈಲಿನ ಹತ್ತಿರದ ಅಂಗಡಿಗೆ ಫೋನು ಹಚ್ಚಿ, ರಾಳದ ಬಾಟಲಿ ಹಳೆಯದು ಕೊಟ್ಟಿರೇನು ಎಂದು ಜಗಳ ತೆಗೆದರು. ಅಂಗಡಿಯವನು ಅಲ್ಲ ಎಂದ. ಫೋನು ಇಟ್ಟು ಬಂದು, “ಸೋಮವಾರದಿಂದ ನೀವು ಪ್ಯಾಕಿಂಗಿಗೆ ಹೋಗ್ರಿ ನೂರಜಹಾನ್. ಒರಸೋದು ಬ್ಯಾರೆಯವ್ರು ಮಾಡ್ತಾರ” ಎಂದರು. ಆರು ಟೇಬಲ್ಲಿನಲ್ಲಿ ಮೂರು ಮುಚ್ಚಿದರೆ ಪ್ಯಾಕಿಂಗಿಗೆ ಹೋದವಳು ಮೊದಲು ಮನೆಗೆ ಹೋಗುತ್ತಾಳೆ ಎಂಬುದು ಎಲ್ಲರಿಗೂ ಗೊತ್ತು. ನೂರಜಹಾನ್ “ಆತ್ರಿ” ಎಂದಳು. ದಿನವಿಡೀ ಹತ್ತು ಮಾತಿಗೆ ಇಪ್ಪತ್ತು ಕೊಡುವವಳು ಒಂದೇ ಮಾತು ಆಡಿ ಟೇಬಲ್ಲಿಗೆ ಹೋಗಿ ಕುಳಿತಳು.

ಈಗ ನಾನು ಏಳಬೇಕಿತ್ತು. ಎದ್ದೆನೇ? ಇಲ್ಲ. ಒಂದು ಬೋರ್ಡು ಕೈಗೆತ್ತಿಕೊಂಡು ಬಹಳ ಮಗ್ನಳಾದೆ. ಮುಖದ ಮೇಲೆ ಹೇಳುವವರ ಒಂದು ಸಂಗತಿಯನ್ನು ಆ ದಿನ ಕಂಡುಕೊಂಡೆ: ಹೇಳುವುದು ಬೇರೆಯವರ ಮುಖದ ಮೇಲೆ ಮಾತ್ರ. ಸ್ವಂತ ಮುಖದ ಮೇಲೆ ಹೇಳಬೇಕಾಗಿ ಬಂದರೆ ನಮಗೂ ನೀರು ಕುಡಿಯಬೇಕೆನಿಸುತ್ತದೆ, ಕಾಲುಮಡಿಗೆ ಹೋಗಬೇಕೆನಿಸುತ್ತದೆ. ಎರಡಕ್ಕೂ ಹೋಗಿ ಬಂದೆ. ಚಹಾ ಬಂತು, ಕುಡಿದೆ. ನವಸಾಗರದಿಂದಲೇ ಆಗಿರಲಿಕ್ಕಿಲ್ಲ, ಮಳೆಯಿಂದ ಆಗಿರಬಹುದು ಎಂದು ನನಗೆ ನಾನೇ ವಾದಿಸಿದೆ. ಆದರೆ ಅದೇ ಕಪಾಟಿನಲ್ಲಿ, ಅದೇ ಮಳೆಯಲ್ಲಿ, ನೂರಜಹಾನಳ ಮುಪ್ಪಿನ ಬೋರ್ಡುಗಳು ಒಂದು ಚುಕ್ಕೆ ಹಸಿರಿಲ್ಲದೆ ಕುಳಿತಿದ್ದವು. ಅವುಗಳನ್ನು ನೋಡಿದಷ್ಟೂ ಸಿಟ್ಟು ಬಂತು. ಕೊನೆಗೆ ಆ ಸಿಟ್ಟಿನಲ್ಲೇ ಎದ್ದೆನೇ ಹೊರತು ಒಳ್ಳೆಯತನದಿಂದ ಅಲ್ಲ. ಸಂಚಿ ಬಿಚ್ಚಿ ಪುಡಿಯ ಪೊಟ್ಟಣವನ್ನು ವಿಮಲಾಬಾಯಿಯವರ ಟೇಬಲ್ಲಿನ ಮೇಲೆ ಕುಕ್ಕಿದೆ.

“ಇದನ್ನ ಹಾಕಿದಾಕಿ ನಾ. ನೂರಜಾಂದೇನೂ ತಪ್ಪಿಲ್ಲ.”

“ಏನಿದು?”

“ನವಸಾಗರ್ರಿ. ಕಲಾಯಿದು.”

ಅವರು ಪೊಟ್ಟಣವನ್ನು ನೋಡಿದರು, ನನ್ನನ್ನು ನೋಡಿದರು. ಬಾಯಿ ತೆರೆಯುವ ಮುಂಚೆ ಹಿಂದಿನಿಂದ ನೂರಜಹಾನ್ ಗಡಿಯಾರ ನೋಡಿ, “ಒಂದೂವರಿ ತಾಸು” ಎಂದಳು.

“ಏನು ಒಂದೂವರಿ ತಾಸು?” ಎಂದೆ.

“ನೀ ಬಾಯಿ ಮುಚ್ಚಿಕೊಂಡು ಕುಂತದ್ದು. ಅರ್ಧ ತಾಸಿಗೆ ಎದ್ದು ಬರ್ತೀ ಅಂತ ತಿಳಿದಿದ್ದೆ. ನಲವತ್ತು ವರ್ಷ ನಿನ್ನ ಓಣ್ಯಾಗ ಇದ್ದೇನಿ, ನವಸಾಗರದ ವಾಸನಿ ನನಗ ಗೊತ್ತಾಗಂಗಿಲ್ಲೇನ? ಮೊದಲ ದಿನಾನಾ ಗೊತ್ತಾಗೇತಿ.”

“ಮತ್ತ ಹೇಳಬೇಕಿಲ್ಲೇನ!”

“ನಾ ಯಾಕ ಹೇಳ್ಲಿ? ಮುಖದ ಮ್ಯಾಲೆ ಹೇಳಾಕಿ ನೀನು.”

ಶೆಡ್ಡಿನಲ್ಲಿ ನಾಲ್ವರು ಹೆಂಗಸರು ಒಟ್ಟಿಗೆ ಕೆಮ್ಮಿದರು. ವಿಮಲಾಬಾಯಿ ಬೈಯಲಿಲ್ಲ, ನಾನು ಹೆದರಿದ್ದೇ ಆಯಿತು, ಪಾಠ ಶುರು ಮಾಡಿದರು. ಕಲಾಯಿಯಲ್ಲಿ ಭಟ್ಟಿಯ ಬಿಸಿಗೆ ನವಸಾಗರ ಪೂರ್ತಿ ಹೊಗೆಯಾಗಿ ಹೋಗುತ್ತದಂತೆ. ಇಲ್ಲಿ ಬೆಸುಗೆ ಹಾಕುವ ಕಡ್ಡಿಯ ಮೊನೆಯಷ್ಟೇ ಬಿಸಿ. ಸುತ್ತಲೂ ಬಿದ್ದದ್ದು ಹಾಗೇ ಉಳಿಯುತ್ತದೆ. ಅದು ಉಪ್ಪಿನ ಜಾತಿ. ಸ್ಪಿರಿಟ್ಟಿಗೆ ರಾಳ ಹೋಗುತ್ತದೆ, ಉಪ್ಪು ಹೋಗುವುದಿಲ್ಲ, ಅದಕ್ಕೆ ಬಿಸಿನೀರೇ ಬೇಕು. ಉಳಿದ ಉಪ್ಪು ಮಳೆಗಾಲದ ತೇವ ಕುಡಿದು ತಾಮ್ರವನ್ನು ತಿನ್ನುತ್ತದೆ. “ತಿಳೀತೇನ್ರಿ?” ಎಂದರು. ತಿಳಿಯಿತು. ಇನ್ನೂ ಎರಡು ಸಲ ಹೇಳಿದರು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದರು. ನಡುವಯಸ್ಸು, ಹೊಟ್ಟೆನೋವಿನವರ ಮುಖ. ನನ್ನ ಬೋರ್ಡುಗಳನ್ನು ಮುಚ್ಚಿಟ್ಟು ನೂರಜಹಾನಳ ಹತ್ತು ಬೋರ್ಡು ಮುಂದಿಟ್ಟೆವು. ಅವರು ಭೂತಗನ್ನಡಿ ಹಿಡಿದು ಒಂದೊಂದೇ ಬೆಸುಗೆ ನೋಡತೊಡಗಿದರು. ನನಗೆ ತಡೆಯಲಾಗಲಿಲ್ಲ. “ಸ್ವಲ್ಪ ಮಂಕ ಕಾಣ್ತಾವ್ರಿ ಸಾಹೇಬ್ರ, ಆದ್ರ ಗಟ್ಟಿ ಅದಾವ” ಎಂದುಬಿಟ್ಟೆ. ವಿಮಲಾಬಾಯಿ ಕಣ್ಣು ಮುಚ್ಚಿಕೊಂಡರು.

ಆ ಮನುಷ್ಯ ತಲೆಯೆತ್ತದೆ, “ಮಂಕಾನ ಇರಬೇಕ್ರಿ ಅಜ್ಜಿ. ಸೀಸ ಇಲ್ಲದ್ದು ಬಾಳ ಹೊಳದ್ರ ನಮಗ ಸಂಶಯ ಬರತೈತಿ” ಎಂದು ಹತ್ತಕ್ಕೂ ಸಹಿ ಹಾಕಿದರು. ಆರು ಟೇಬಲ್ಲು ಉಳಿದವು. ನೂರಜಹಾನ್ ಪ್ಯಾಕಿಂಗಿಗೆ ಹೋಗಲಿಲ್ಲ. ಫ್ಲಕ್ಸು, ತಂತಿ ಆರಿಸುವ ಅಧಿಕಾರ ನನ್ನಿಂದ ಅವಳಿಗೆ ಹೋಯಿತು. ನನ್ನ ಹಸಿರು ಉಂಗುರದ ಹತ್ತೂ ಬೋರ್ಡು ಬುಟ್ಟಿಗೆ ಹೋದವು. ಒಂದನ್ನು ಮಾತ್ರ ವಿಮಲಾಬಾಯಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಅದರ ಕೆಳಗೆ ರಟ್ಟಿನ ಮೇಲೆ ‘ಮನೆಯಿಂದ ಏನನ್ನೂ ತರಬಾರದು’ ಎಂದು ನನ್ನ ಕೈಯಿಂದಲೇ ಬರೆಸಿದರು. ಅರ್ಧ ತಾಸು ಹಿಡಿಯಿತು. ಆ ರಟ್ಟು ಈಗಲೂ ಇದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಓದಿ, ಮಧ್ಯಾಹ್ನದ ಬುತ್ತಿಯನ್ನಾದರೂ ತರಬಹುದೋ ಇಲ್ಲವೋ ಎಂದು ಗಾಬರಿಯಾಗುತ್ತಾರೆ.

ಸಂಜೆ ಟೆಂಪೋ ನವಲೂರು ದಾಟಿತು, ನೂರಜಹಾನ್ ನನ್ನ ಪಕ್ಕದಲ್ಲೇ ಕುಳಿತಿದ್ದಳು. ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ರೂಢಿಯಿಲ್ಲದ ಮಾತು. ಕೊನೆಗೆ, “ನಿಮ್ಮ ಬಿರಿಯಾನಿ ಡೇಗಿನ ಕಲಾಯಿ ಹೋಗೇತಿ ಅಂತಿದ್ದೆಲ್ಲ” ಎಂದೆ.

“ಹೋಗಿ ಹತ್ತು ವರ್ಷ ಆತು. ಹತ್ತು ವರ್ಷದಿಂದ ಹೇಳಾಕತ್ತೇನಿ. ಗಂಡ ಹ್ವಾದ ಮ್ಯಾಲೆ ಭಟ್ಟಿ ಹಚ್ಚಂಗಿಲ್ಲ ಅಂತಿದ್ದಿ.”

“ಒಂದು ಡೇಗಿಗೆ ಹಚ್ಚಿದ್ರ ಅವ ಏನ ಎದ್ದು ಬರಂಗಿಲ್ಲ.”

“ತೌಬಾ!” ಎಂದು ನೂರಜಹಾನ್ ನಕ್ಕಳು. “ತಪ್ಪಾತು ಅಂತ ಅನ್ನೋದಕ್ಕಿಂತ ನಿನಗ ಭಟ್ಟಿ ಊದೋದಾ ಹಗುರ ಏನ?”

ಹೌದು, ಹಗುರ. ಮರುದಿನ ರವಿವಾರ ಬೆಳಿಗ್ಗೆ ಅವಳ ಅಂಗಳದಲ್ಲಿ ಇದ್ದಿಲು ಹಾಕಿ ಭಟ್ಟಿ ಹಚ್ಚಿದೆ. ತಿದಿಯ ಚರ್ಮ ಇಲಿ ತಿಂದಿತ್ತು. ಅವಳು ರಟ್ಟಿನಿಂದ ಗಾಳಿ ಹಾಕಿದಳು, ಹಾಕುತ್ತ ನನ್ನನ್ನು ಬೈದಳು. ಡೇಗು ಕೆಂಪಾಗುವ ತನಕ ಕಾಯಿಸಿ, ಚಿಟಿಕೆಯಲ್ಲ, ಮುಷ್ಟಿ ನವಸಾಗರ ಎಸೆದೆ. ಓಣಿ ತುಂಬ ಬಿಳಿ ಹೊಗೆ. ತವರ ಸುತ್ತಿದೆ, ಹತ್ತಿಯಿಂದ ಒರೆಸಿದೆ, ಇಬ್ಬರೂ ಬಗ್ಗಿ ನೋಡಿದೆವು. ಮುಖ ಕಂಡಿತು, ಅವಳ ಕನ್ನಡಕದ ಸಮೇತ. ನಮ್ಮ ಕಸುಬಿನಲ್ಲಿ ಅಲ್ಲಿಗೆ ಕೆಲಸ ಮುಗಿಯಿತು. ಒಂದು ಸಲ ತಣ್ಣೀರಿಗೆ ಅದ್ದಿ ಎತ್ತಿ ಕೊಟ್ಟರಾಯಿತು. ನಾನು ಅದ್ದಿ ಎತ್ತಿದೆ, ಕೊಡಲು ಕೈ ಚಾಚಿದೆ, ಆಮೇಲೆ ಹಿಂದಕ್ಕೆಳೆದುಕೊಂಡೆ. ಒಳಗೆ ಹೋಗಿ ಅವಳ ಒಲೆಯ ಮೇಲೆ ನೀರು ಕಾಯಲಿಟ್ಟೆ. ಬಿಸಿನೀರು ಹಾಕಿ ಡೇಗನ್ನು ಮೂರು ಸಲ ತೊಳೆದೆ.